ಮನೆಯ ನಕ್ಷೆಯಲ್ಲಿ ಲಿಂಗದ ನೆಲೆ



ಮನೆ ಕಟ್ಟಿಸಬೇಕೆಂಬ ಸಂಕಲ್ಪವು ಗೃಹಸ್ಥನ ಬಾಳಿನಲ್ಲಿ ಬಹುಮಟ್ಟಿಗೆ ಒಂದೇ ಸಲ ಬರತಕ್ಕದ್ದು. ಹತ್ತಿಪ್ಪತ್ತು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ಹಣ, ಅದು ಸಾಲದೆ ಬ್ಯಾಂಕಿನಿಂದ ತಂದ ಸಾಲ, ಮನೆಯಾಕೆಯ ಮೈಮೇಲಿನ ಬಂಗಾರ, ಇವೆಲ್ಲವೂ ಕೂಡಿ ನಾಲ್ಕು ಗೋಡೆಗಳಾಗಿ ಮೇಲೇಳುತ್ತವೆ. ಆದುದರಿಂದಲೇ ನಕ್ಷೆ ಸಿದ್ಧವಾದೊಡನೆ ಭಕ್ತರು ಅದನ್ನು ಹಿಡಿದುಕೊಂಡು ಮಠಕ್ಕೆ ಬರುವರು. ಗದ್ದುಗೆಗೆ ಮುಟ್ಟಿಸಿ, ಕಾಗದದ ಮೂಲೆಗೆ ವಿಭೂತಿ ಹಚ್ಚಿಸಿಕೊಂಡು ಹೋಗುವರು. ಇದು ಒಳ್ಳೆಯ ರೂಢಿಯೇ. ಆದರೆ ಮಡಿಸಿ ತಂದ ಆ ಕಾಗದವನ್ನು ಬಿಡಿಸಿ ನೋಡುವ ಪದ್ಧತಿ ಮಾತ್ರ ನಮ್ಮಲ್ಲಿ ಕಡಿಮೆ.

ಈಚೆಗೆ ಒಬ್ಬ ಭಕ್ತರು ತಂದ ನಕ್ಷೆಯನ್ನು ಬಿಡಿಸಿ ನೋಡುವ ಪ್ರಸಂಗ ಒದಗಿತು. ನಿವೇಶನ 30 ಅಡಿ ಅಗಲ, 40 ಅಡಿ ಉದ್ದ. ಪೂರ್ವಕ್ಕೆ ತಲೆಬಾಗಿಲು. ಈಶಾನ್ಯದ ಮೂಲೆಯಲ್ಲಿ ದೇವರ ಕೋಣೆ. ಅದಕ್ಕೆ ಅಮೃತಶಿಲೆಯ ನೆಲ, ಕೆತ್ತನೆಯ ಬಾಗಿಲು. ನೈಋತ್ಯದಲ್ಲಿ ಯಜಮಾನರ ಮಲಗುವ ಕೋಣೆ. ನಡುವೆ 18 ಅಡಿಯ ಪಡಸಾಲೆ. ಆಗ್ನೇಯದಲ್ಲಿ 7 ಅಡಿಯ ಅಡುಗೆಮನೆ. ಉಳಿದ ಕೋಣೆಗಳು ಮೇಲಂತಸ್ತಿನಲ್ಲಿ. ಮನೆಯಲ್ಲಿ ಎಪ್ಪತ್ತೆಂಟು ವರ್ಷದ ತಾಯಿ ಇರುವುದನ್ನು ನಾವು ಬಲ್ಲೆವು. “ತಾಯಿಯವರ ಕೋಣೆ ಎಲ್ಲಿ?” ಎಂದು ಕೇಳಿದೆವು.

“ಮೇಲಿದೆ, ಬುದ್ಧಿ. ಕೆಳಗೆ ಸ್ಥಳ ಸಾಲಲಿಲ್ಲ. ದೇವರ ಕೋಣೆಯನ್ನು ಕಿರಿದು ಮಾಡಬಾರದೆಂದು ವಾಸ್ತು ನೋಡುವವರು ಹೇಳಿದ್ದಾರೆ” ಎಂದರು.

ಮೆಟ್ಟಿಲು ಎಣಿಸಿದೆವು. ಒಂದೊಂದು 7 ಅಂಗುಲ ಎತ್ತರದ 18 ಮೆಟ್ಟಿಲುಗಳು. ಮಂಡಿನೋವಿನ ಆ ವೃದ್ಧೆ ನಸುಕಿನಲ್ಲಿ ಮಿಂದು ಲಿಂಗಪೂಜೆ ಮಾಡಿಕೊಳ್ಳುವವರು. ದೇವರ ಕೋಣೆಗೆ ಬರಬೇಕಾದರೆ ಅವರು ದಿನವೂ ಆ ಹದಿನೆಂಟನ್ನು ಇಳಿಯಬೇಕು, ಮತ್ತೆ ಏರಬೇಕು. ಆ ಮಗ ಕಲ್ಲೆದೆಯವನಲ್ಲ. ತಾಯಿಯ ಔಷಧಕ್ಕೆ, ಉಪಚಾರಕ್ಕೆ ಎಂದೂ ಕೊರತೆ ಮಾಡಿದವನಲ್ಲ. ದೇವರಿಗಾಗಿಯೇ ಹೀಗೆ ಮಾಡಿದೆನೆಂದು ಪ್ರಾಮಾಣಿಕವಾಗಿ ನಂಬಿದ್ದನು. ವಿಚಾರಕ್ಕೆ ಎಡೆಯಿರುವುದು ಇಲ್ಲಿಯೇ.

ಶರಣಬಂಧುಗಳೆ, ನಮ್ಮ ದೇವರು ಎಲ್ಲಿದ್ದಾನೆ? ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಪ್ರಮಥರು ಈ ಪ್ರಶ್ನೆಗೆ ಕೊಟ್ಟ ಉತ್ತರವೇ ನಮ್ಮ ಧರ್ಮದ ಬುನಾದಿ. ಕಲ್ಲಿನ ಗುಡಿಯ ಹಂಗನ್ನು ಹರಿದು, ದೇಹವೇ ದೇವಾಲಯವೆಂದು ಅಣ್ಣನವರು ಸಾರಿದರು. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ಕರಸ್ಥಲವೇ ಪೀಠ. ಆತನು ಕುಳಿತಲ್ಲಿ ಲಿಂಗವಿದೆ, ಹೊಲದ ಬದುವಿನಲ್ಲಿ ನಿಂತಾಗಲೂ ಲಿಂಗವಿದೆ, ಹಾಸಿಗೆ ಹಿಡಿದು ಮಲಗಿದಾಗಲೂ ಲಿಂಗವು ಆತನನ್ನು ಅಗಲಿರುವುದಿಲ್ಲ. ಹೀಗಿರುವಾಗ ಲಿಂಗಕ್ಕೆ ಈಶಾನ್ಯದ ಮೂಲೆಯನ್ನು ಮೀಸಲಿಟ್ಟು, ಅದೇ ಲಿಂಗವನ್ನು ಅರವತ್ತು ಎಪ್ಪತ್ತು ವರ್ಷ ಎದೆಯ ಮೇಲೆ ಹೊತ್ತ ತಾಯಿಯನ್ನು ಮೆಟ್ಟಿಲೇರಿಸಿದರೆ, ದೇವರಿಗೆ ಸ್ಥಳ ಕೊಟ್ಟಂತಾಯಿತೊ, ದೇವರನ್ನೇ ಸ್ಥಳ ಬಿಡಿಸಿದಂತಾಯಿತೊ?

ಹಾಗಾದರೆ ಮನೆಯಲ್ಲಿ ಪೂಜೆಯ ಕೋಣೆಯೇ ಬೇಡವೆ ಎಂದು ಕೇಳಬಹುದು. ಸ್ಥಳವಿದ್ದವರು ಅವಶ್ಯವಾಗಿ ಮಾಡಿಕೊಳ್ಳಲಿ. ಮಕ್ಕಳ ಗದ್ದಲ, ದೂರದರ್ಶನದ ಗದ್ದಲಗಳ ನಡುವೆ ಚಿತ್ತ ನಿಲ್ಲುವುದು ಕಷ್ಟ. ಆದರೆ ಲಿಂಗಾರ್ಚನೆಗೆ ಕುಳಿತವರಿಗೆ ಮೂರಡಿಯ ಚೌಕವೊಂದು ಸಾಕು. ಬೆಳಗಿನ ಬೆಳಕು ಬೀಳುವ ಒಂದು ಕಿಟಕಿ, ವಿಭೂತಿ ರುದ್ರಾಕ್ಷಿಗಳನ್ನು ಇಡಲು ಒಂದು ಗೂಡು, ಬೆನ್ನಿಗೆ ತಂಪಾದ ಗೋಡೆ ಇದ್ದರೆ ಅದಕ್ಕಿಂತ ಹೆಚ್ಚು ಏನು ಬೇಕು? ಅಮೃತಶಿಲೆಯು ಪೂಜೆಗಿಂತ ಬೀಗರ ಕಣ್ಣಿಗೆ ಹೆಚ್ಚು ಬೇಕಾದುದೆಂಬುದು ನಮ್ಮ ಅನುಭವ.

ವಾಸ್ತುವಿನ ವಿಷಯದಲ್ಲಿ ಎರಡು ಮಾತು. ಗಾಳಿ ಬೆಳಕುಗಳ ಲೆಕ್ಕಾಚಾರವನ್ನು ನಾವು ಹಳಿಯುವುದಿಲ್ಲ. ಮುಂಗಾರಿನ ಗಾಳಿ ನಮ್ಮ ನಾಡಿಗೆ ನೈಋತ್ಯದಿಂದ ಬೀಸುತ್ತದೆ. ಬೇಸಗೆಯ ಮಧ್ಯಾಹ್ನದ ಬಿಸಿಲು ಪಶ್ಚಿಮದ ಗೋಡೆಯನ್ನು ಕಾಯಿಸುತ್ತದೆ. ಇದನ್ನರಿತು ಕಿಟಕಿ ಬಾಗಿಲು ಇಡುವುದು ವಿವೇಕ. ಆದರೆ ಮೂಲೆ ತಪ್ಪಿದರೆ ಸಂತಾನಕ್ಕೆ ಕೇಡು, ಬಾಗಿಲು ತಪ್ಪಿದರೆ ಯಜಮಾನನಿಗೆ ಅಪಮೃತ್ಯು ಎಂದು ಹೆದರಿಸುವುದು ಬೇರೆ ಸಂಗತಿ. ತಿಥಿ ವಾರ ನಕ್ಷತ್ರಗಳ ಭಯದಿಂದ ನಮ್ಮನ್ನು ಬಿಡಿಸಿದವರು ಶರಣರು. ಆ ಭಯವನ್ನು ದುಡ್ಡು ಕೊಟ್ಟು ಮತ್ತೆ ಮನೆಗೆ ತರುವುದೆ?

ಭಯಪಡಬೇಕಾದಲ್ಲಿ ನಾವು ಭಯಪಡುವುದಿಲ್ಲ. ಎರೆನೆಲವು ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿಯುವಂಥದು. ಅದನ್ನು ದಾಟಿ ಗರಸಿನ ಗಟ್ಟಿನೆಲ ಸಿಗುವವರೆಗೆ ಪಾಯ ತೆಗೆಯದಿದ್ದರೆ ಯಾವ ದಿಕ್ಕಿನ ಗೋಡೆಯೂ ಸೀಳುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಬೀದರ ಜಿಲ್ಲೆಗೆ ಹೊಂದಿಕೊಂಡಿರುವ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಮಡಿದರು. ಅವರಲ್ಲಿ ಬಹುಮಂದಿಯನ್ನು ಕೊಂದುದು ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಹೇರಿದ ಮಣ್ಣಿನ ಮಾಳಿಗೆ. ಗೋಡೆಯ ಒಳಮೈ ಹೊರಮೈಗಳನ್ನು ಹಿಡಿದು ನಿಲ್ಲಿಸುವ ಉದ್ದಗಲ್ಲುಗಳನ್ನು ನಡುನಡುವೆ ಹಾಕಿರಲಿಲ್ಲ. ಕಲ್ಲು ಹೇಗೆ ಕೂಡಿದೆಯೆಂದು ಕೇಳುವುದನ್ನು ಬಿಟ್ಟು ಬಾಗಿಲು ಯಾವ ಕಡೆಗಿದೆಯೆಂದು ಕೇಳುವವರು ಇದನ್ನು ನೆನೆಯಬೇಕು.

ಇನ್ನು ಅಡುಗೆಮನೆ. ಪಡಸಾಲೆಗೆ 18 ಅಡಿ ಕೊಟ್ಟವರು ಅಡುಗೆಮನೆಗೆ 7 ಅಡಿ ಕೊಟ್ಟುದೇಕೆಂದು ಕೇಳಿದಾಗ ಆ ಭಕ್ತರು ನಕ್ಕರು. “ಅಲ್ಲಿ ಯಾರು ಕೂಡ್ರುತ್ತಾರೆ, ಬುದ್ಧಿ?” ಎಂದರು. ಕೂಡ್ರಲು ಬಿಡುವಿಲ್ಲದ ಕಾರಣದಿಂದಲೇ ಅಲ್ಲಿ ಯಾರೂ ಕೂಡ್ರುವುದಿಲ್ಲ! ಮನೆಯ ಹೆಣ್ಣುಮಕ್ಕಳು ಎಚ್ಚರವಾಗಿರುವ ಹೊತ್ತಿನ ಬಹುಭಾಗ ಕಳೆಯುವುದು ಅಲ್ಲಿಯೇ. ಕಲ್ಯಾಣದಲ್ಲಿ ಅಣ್ಣನವರ ಮಹಾಮನೆಯ ಹಿರಿಮೆ ಅದರ ಕಂಬಗಳಿಂದ ಬಂದುದಲ್ಲ, ಅಲ್ಲಿ ನಡೆದ ದಾಸೋಹದಿಂದ ಬಂದುದು. ಅನ್ನವು ಪ್ರಸಾದವಾಗುವ ಎಡೆಯನ್ನು ಗಾಳಿಯಾಡದ ಕತ್ತಲೆಯ ಗೂಡು ಮಾಡಿ, ಪಡಸಾಲೆಯ ಗೋಡೆಗೆ ದಾಸೋಹದ ಮಹಿಮೆಯ ಚಿತ್ರ ತೂಗುಹಾಕಿದರೆ ಅದು ಯಾವ ಭಕ್ತಿ? ಎದುರುಬದುರಾಗಿ ಎರಡು ಕಿಟಕಿ ಇರಲಿ. ಬೇಯಿಸುವ ಕಟ್ಟೆಯ ಎತ್ತರವನ್ನು ಅಡುಗೆ ಮಾಡುವವರನ್ನೇ ನಿಲ್ಲಿಸಿ ಅಳೆಯಲಿ. ನಕ್ಷೆ ಬರೆಯುವವರ ಮುಂದೆ ಗಂಡಸರು ಮಾತ್ರ ಕುಳಿತಿದ್ದರೆ ಈ ಅಳತೆ ಅದರಲ್ಲಿ ಹೇಗೆ ಬಂದೀತು?

ಆ ನಕ್ಷೆಯ ಹಿಂಭಾಗದಲ್ಲಿ, ಬಚ್ಚಲಿಗೆ ಹೊಂದಿ, ಹೊರಗಿನಿಂದ ಬಾಗಿಲಿರುವ ಚಿಕ್ಕದೊಂದು ಕೋಣೆಯಿದ್ದಿತು. ಸಾಮಾನು ಇಡಲೆಂದು ಬರೆದಿದ್ದರೂ, ಕೇಳಲಾಗಿ ಅದು ತಿಂಗಳಿನ ಮೂರು ದಿನ ಸೊಸೆಯಂದಿರು ಇರತಕ್ಕ ಸ್ಥಳವೆಂದು ತಿಳಿಯಿತು. ನಮಗೆ ಬಹಳ ನೋವಾಯಿತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗವಂತರಿಗೆ ಇಲ್ಲ. ಲಿಂಗವನ್ನು ಧರಿಸಿದ ಮೈಗೆ ಮೈಲಿಗೆ ಹತ್ತದೆಂದು ಎಂಟುನೂರು ವರ್ಷಗಳ ಹಿಂದೆಯೇ ಒಪ್ಪಿದವರು, ಇಂದು ಸಿಮೆಂಟು ಕಬ್ಬಿಣ ಹಾಕಿ ಸೂತಕಕ್ಕೆ ಶಾಶ್ವತವಾದ ಮನೆ ಕಟ್ಟಿಸುವುದೆ? ಇನ್ನೊಂದು ಗೆರೆಯಂತೂ ನಕ್ಷೆಯಲ್ಲಿ ಕಾಣುವುದೇ ಇಲ್ಲ. ಪಾಯ ಅಗೆದವರು, ಕಲ್ಲು ಹೊತ್ತವರು ಗೃಹಪ್ರವೇಶದ ದಿನ ಊಟಕ್ಕೆ ಎಲ್ಲಿ ಕುಳಿತುಕೊಳ್ಳುತ್ತಾರೆ? ಪಡಸಾಲೆಯ ಪಂಕ್ತಿಯಲ್ಲಿಯೋ, ಹೊರಗಿನ ಕಟ್ಟೆಯ ಮೇಲೆಯೋ? ಜಾತಿಸೂತಕ ಉಳಿದಿರುವುದು ಆ ಹೊಸ್ತಿಲಲ್ಲಿ.

ಈ ಮಾತುಗಳನ್ನೆಲ್ಲ ಆ ಭಕ್ತರು ಒಮ್ಮೆಲೆ ಒಪ್ಪಲಿಲ್ಲ. ಮುಖ ಸಣ್ಣದು ಮಾಡಿಕೊಂಡು, ಕಾಗದ ಮಡಿಸಿಕೊಂಡು ಹೋದರು. ಹದಿನೈದು ದಿನ ಬರಲಿಲ್ಲ. ಮತ್ತೆ ಬಂದಾಗ ಜೊತೆಯಲ್ಲಿ ತಾಯಿಯೂ ಮಡದಿಯೂ ಇದ್ದರು. ದೇವರ ಕೋಣೆ ಕಿರಿದಾಗಿ ಪಡಸಾಲೆಯ ಪಕ್ಕದ ಗೂಡಾಗಿತ್ತು. ಪಡಸಾಲೆಯಿಂದಲೂ ನಾಲ್ಕು ಅಡಿ ಹೋಗಿ, ತಾಯಿಯ ಕೋಣೆ ಕೆಳಗೆ, ಬಚ್ಚಲಿಗೆ ಹತ್ತಿರ ಬಂದಿತ್ತು; ಅದರ ಬಾಗಿಲು ಮುಂದೆ ಗಾಲಿಕುರ್ಚಿ ಬಂದರೂ ಹಾಯುವಂತೆ ಮೂರೂವರೆ ಅಡಿ. ಅಡುಗೆಮನೆ 10 ಅಡಿಯಾಗಿತ್ತು. ಹಿಂದಿನ ಕೋಣೆಯ ಬಾಗಿಲನ್ನು ಒಳಕ್ಕೆ ತಿರುಗಿಸಿ, ಮಡದಿಯ ಹೊಲಿಗೆಯ ಯಂತ್ರಕ್ಕೆ ಬಿಟ್ಟಿದ್ದರು. ಆ ತಾಯಿ ಊರವರ ಬಟ್ಟೆ ಹೊಲಿಯುವವರೆಂಬುದು ನಮಗೆ ಅಂದೇ ತಿಳಿದುದು. ವಾಸ್ತು ನೋಡುವವರು ಮುನಿದಿದ್ದಾರಂತೆ.

ವೃದ್ಧೆಯು ನಕ್ಷೆಯ ಮೇಲೆ ಬೆರಳಾಡಿಸುತ್ತ ತನ್ನ ಕೋಣೆ ಯಾವುದೆಂದು ಕೇಳಿ ತಿಳಿದುಕೊಂಡರು. ಬಳಿಕ, “ಹಳೆಯ ಮನೆಯ ಬೀಸುವ ಕಲ್ಲನ್ನು ಎಲ್ಲಿ ಇಡುತ್ತೀಯಪ್ಪ?” ಎಂದರು. ಮಗನು ನಮ್ಮ ಮುಖ ನೋಡಿದನು. ಅದಕ್ಕಿನ್ನೂ ಸ್ಥಳ ಗೊತ್ತಾಗಿಲ್ಲ.