ಆ ಸತ್ಯ ಮೊದಲು ಮಗಳಿಗೆ ಸೇರಿದ್ದು

ಹೆಣ್ಣುಮಗಳು ಮೈನೆರೆದಾಗ ಸೋದರಮಾವ ಹಸಿರು ಸೊಪ್ಪಿನ ಗುಡಿಸಲು ಹಾಕುವುದು, ಹೆಂಗಸರು ಹಸೆಗೆ ಕೂರಿಸಿ ಆರತಿ ಎತ್ತುವುದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹಳ್ಳಿಗಳಿಗೆ ಹೊಸದೇನಲ್ಲ. ಇಲ್ಲಿ ಋತುಮತಿಯಾಗುವುದು ಊರಿಗೇ ತಿಳಿಯುವ ಸಂಗತಿ. ಆದ್ದರಿಂದಲೇ, ಓರಗೆಯವರೆಲ್ಲ ದೊಡ್ಡವರಾದರೂ ಮುಟ್ಟಾಗದ ಹುಡುಗಿಯ ಮನೆಯಲ್ಲಿ ಪಿಸುಮಾತು ಆರಂಭವಾಗುತ್ತದೆ. ಇಂದಲ್ಲ ನಾಳೆ ಆದಾಳೆಂದು ಕಾಯುವವರುಂಟು, ಹರಕೆ ಹೊರುವವರುಂಟು, ವೈದ್ಯರ ಮುಂದೆ ಬಾಯಿಬಿಡಲು ನಾಚುವವರೂ ಉಂಟು.

ಕಾರಣ ಹಲವು ವೇಳೆ ಹುಟ್ಟಿನಿಂದಲೇ ಬಂದದ್ದು. ಕೆಲವರಲ್ಲಿ ಯೋನಿದ್ವಾರದ ಪೊರೆ ಪೂರ್ತಿಯಾಗಿ ಮುಚ್ಚಿಕೊಂಡಿರುತ್ತದೆ. ಮುಟ್ಟಿನ ರಕ್ತ ಒಳಗೇ ಶೇಖರವಾಗಿ ತಿಂಗಳು ತಿಂಗಳೂ ಹೊಟ್ಟೆನೋವು ಬರುತ್ತದೆ. ಕೆಲವೊಮ್ಮೆ ಮೂತ್ರವೂ ಕಟ್ಟಿಕೊಳ್ಳುತ್ತದೆ. ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಇದು ಸರಿಹೋಗುತ್ತದೆ. ಇನ್ನು ಸುಮಾರು 5000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಗರ್ಭಕೋಶವೇ ಬೆಳೆದಿರುವುದಿಲ್ಲ; ಯೋನಿನಾಳವೂ ಅಪೂರ್ಣವಾಗಿರುತ್ತದೆ. ಆದರೆ ಅಂಡಾಶಯಗಳು ಕೆಲಸ ಮಾಡುವುದರಿಂದ ಮೈಬೆಳವಣಿಗೆಯಲ್ಲಿ ಕೊರತೆ ಕಾಣದು. ಹದಿನೈದು ತುಂಬಿದರೂ, ಅಥವಾ ಎದೆ ಬೆಳೆಯತೊಡಗಿ ಮೂರು ವರ್ಷ ಕಳೆದರೂ ಮುಟ್ಟಾಗದಿದ್ದರೆ ತಪಾಸಣೆ ಅಗತ್ಯ. ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನಿಂಗ್ ಮೊದಲ ಹೆಜ್ಜೆ. ಮೂತ್ರಪಿಂಡಗಳಲ್ಲಿಯೂ ವ್ಯತ್ಯಾಸವಿರಬಹುದಾದ್ದರಿಂದ ಅವನ್ನೂ ನೋಡಬೇಕು.

ನಿಜವಾದ ನೈತಿಕ ಪ್ರಶ್ನೆ ಏಳುವುದು ಫಲಿತಾಂಶ ಕೈಗೆ ಬಂದ ಮೇಲೆ. "ಮಗಳಿಗೆ ಹೇಳಬೇಡಿ" ಎಂದು ಹೆತ್ತವರು ಬೇಡಿಕೊಳ್ಳಬಹುದು. ಆ ಬೇಡಿಕೆಯ ಹಿಂದೆ ಪ್ರೀತಿಯಿದೆ, ನಿಜ. ಆದರೆ ತಾಯಿಯ ಮುಖವನ್ನು ಓದಬಲ್ಲ ಮಗಳಿಗೆ ಮೌನವೂ ಒಂದು ಉತ್ತರವೇ: 'ನೀನು ಬಾಯಲ್ಲಿ ಹೇಳಲಾಗದ ಸಂಗತಿ' ಎಂಬ ಉತ್ತರ. ದೇಹದ ಕೊರತೆಗಿಂತ ಆಳವಾದ ಗಾಯವನ್ನು ಅದು ಮಾಡಬಲ್ಲದು. ವಯಸ್ಸಿಗೆ ತಕ್ಕ ಮಾತುಗಳಲ್ಲಿ, ಹಂತಹಂತವಾಗಿ, ಸತ್ಯವನ್ನು ಅವಳಿಗೇ ಮೊದಲು ಹೇಳಬೇಕು. ಯೋನಿನಾಳವನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಕ್ರಮೇಣ ಹಿಗ್ಗಿಸುವ ಚಿಕಿತ್ಸೆ ಬಹಳಷ್ಟು ಮಂದಿಗೆ ಫಲ ಕೊಟ್ಟಿದೆ. ಅದಕ್ಕೆ ಅವಸರವಿಲ್ಲ, ಅವಳು ಪ್ರಬುದ್ಧಳಾಗಿ ತಾನೇ ಬಯಸಿದಾಗ ಮಾಡಬೇಕಾದದ್ದು, ಮನೆಯವರು ಗೊತ್ತುಮಾಡಿದ ಲಗ್ನಕ್ಕಾಗಿ ಅಲ್ಲ.

ಮುಂದೆ ಮದುವೆಯ ಮಾತು ಬಂದಾಗ ಮುಚ್ಚಿಡಬೇಕೆ? ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆ ಇಲ್ಲಿ ಎರಡು ಮಾತು ಹೇಳುತ್ತದೆ. ಮಕ್ಕಳಾಗದಿರುವುದು ತಾನಾಗಿ ವಿವಾಹಕ್ಕೆ ಅಡ್ಡಿಯಲ್ಲ. ಆದರೆ ಅದನ್ನು ವಂಚನೆಯಿಂದ ಮರೆಮಾಚಿ ಒಪ್ಪಿಗೆ ಪಡೆಯುವುದು ಆ ವಿವಾಹದ ಸಿಂಧುತ್ವಕ್ಕೇ ಧಕ್ಕೆ ತರಬಹುದು. ಅಂದರೆ ತೊಡಕಾಗುವುದು ಕೊರತೆಯಲ್ಲ, ಕಪಟ. ಹಾಗೆಂದು ಊರಿಗೆಲ್ಲ ಸಾರಬೇಕಿಲ್ಲ. ಬಾಳು ಹಂಚಿಕೊಳ್ಳುವವನಿಗೆ ತಿಳಿದಿರಬೇಕು, ನೆರೆಹೊರೆಗೆ ತಿಳಿಯಬೇಕಾದದ್ದಿಲ್ಲ.

ಗರ್ಭಕೋಶವಿಲ್ಲದೆ ಹುಟ್ಟಿದ ಸ್ವೀಡನ್ನಿನ ಮಹಿಳೆಯೊಬ್ಬರು 2014ರಲ್ಲಿ, ಕಸಿ ಮಾಡಿದ ಗರ್ಭಕೋಶದಿಂದ ಮಗುವಿಗೆ ಜನ್ಮವಿತ್ತರು. ಇದು ವಿಜ್ಞಾನದ ದೊಡ್ಡ ಸಾಧನೆ. ಆದರೆ ನಮ್ಮ ಮಗಳ ಬೆಲೆ ಅಂತಹ ಸಾಧನೆಗಾಗಿ ಕಾದು ನಿಂತಿಲ್ಲ. ಹೆರುವ ಶಕ್ತಿಯಿಂದ ಹೆಣ್ಣನ್ನು ಅಳೆಯುವ ಮನೆಯಲ್ಲಿ ಯಾವ ಚಿಕಿತ್ಸೆಯೂ ಪೂರ್ಣವಾಗದು. ತಾಯಂದಿರೇ, ತಂದೆಯರೇ, ಮಗಳನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಮಾತನಾಡುವಾಗ ಅವಳನ್ನು ಹೊರಗೆ ಕೂರಿಸಬೇಡಿ.