ಗಟ್ಟಿ ದಡವೆಂಬ ನಂಬಿಕೆ

1778ರ ಏಪ್ರಿಲ್ 23ರ ನಸುಕಿನಲ್ಲಿ ಇಂಗ್ಲೆಂಡಿನ ವಾಯವ್ಯ ಕರಾವಳಿಯ ವೈಟ್‌ಹೇವನ್ ಬಂದರಿಗೆ ಎರಡು ದೋಣಿಗಳಲ್ಲಿ ಸುಮಾರು ಮೂವತ್ತು ಜನ ಬಂದಿಳಿದರು. ಸ್ವಾತಂತ್ರ್ಯಕ್ಕಾಗಿ ಬ್ರಿಟನ್ನಿನೊಡನೆ ಕಾದಾಡುತ್ತಿದ್ದ ಅಮೆರಿಕದ ‘ರೇಂಜರ್’ ಹಡಗಿನವರು. ಅವರ ನಾಯಕ ಜಾನ್ ಪಾಲ್ ಜೋನ್ಸ್ ಹುಟ್ಟಿದ್ದು ಎದುರಿನ ಕೊಲ್ಲಿಯ ಆಚೆ ದಡದಲ್ಲಿ, ಸ್ಕಾಟ್ಲೆಂಡಿನಲ್ಲಿ. ಹದಿಮೂರರ ವಯಸ್ಸಿನಲ್ಲಿ ಹಡಗಿನ ಕೆಲಸಕ್ಕೆ ಸೇರಿದ್ದು ಇದೇ ವೈಟ್‌ಹೇವನ್‌ನಲ್ಲಿ. ತನಗೆ ಕಡಲನ್ನು ಕಲಿಸಿದ ಊರನ್ನೇ ಸುಡಲು ಬಂದಿದ್ದ. ಅಮೆರಿಕದ ಊರುಗಳಿಗೆ ಬ್ರಿಟಿಷರು ಬೆಂಕಿ ಹಚ್ಚಿದ್ದಕ್ಕೆ ಇದು ಅವನ ಉತ್ತರ.

ಬಂದರಿನಲ್ಲಿ ಇನ್ನೂರಕ್ಕೂ ಹೆಚ್ಚು ಹಡಗುಗಳಿದ್ದವು. ಇಳಿತದ ಸಮಯವಾದ್ದರಿಂದ ಅವು ಕೆಸರಿನ ಮೇಲೆ ಒಂದಕ್ಕೊಂದು ತಾಗಿ ಕೂತಿದ್ದವು. ಒಂದಕ್ಕೆ ಕಿಡಿ ತಗುಲಿದರೆ ಸಾಲು ಸಾಲೇ ಉರಿಯಬೇಕಿತ್ತು. ಜೋನ್ಸ್‌ನ ಕಡೆಯವರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಕೋಟೆಯ ಗೋಡೆ ದಾಟಿದರು, ಫಿರಂಗಿಗಳ ಕಿವಿಗೆ ಮೊಳೆ ಬಡಿದರು. ಆದರೆ ಅಷ್ಟು ಹೊತ್ತಿಗೆ ಅವರ ಲಾಂದ್ರದ ಮೋಂಬತ್ತಿಗಳೇ ಉರಿದು ಮುಗಿದಿದ್ದವು! ಊರು ಸುಡಲು ಬಂದವರು ಬೆಂಕಿಗಾಗಿ ಊರಿನವರ ಮನೆ ಬಾಗಿಲಿಗೇ ಹೋಗಬೇಕಾಯಿತು. ಇತ್ತ ಅವರಲ್ಲೇ ಒಬ್ಬ ತಪ್ಪಿಸಿಕೊಂಡು ಬೀದಿಯುದ್ದಕ್ಕೂ ಕದ ಬಡಿದು ಜನರನ್ನು ಎಬ್ಬಿಸಿದ. ಕೊನೆಗೆ ಹೊತ್ತಿದ್ದು ‘ಥಾಂಪ್ಸನ್’ ಎಂಬ ಒಂದೇ ಕಲ್ಲಿದ್ದಲ ಹಡಗು. ಅದನ್ನೂ ಊರಿನವರು ಆರಿಸಿದರು. ಒಬ್ಬರೂ ಸಾಯಲಿಲ್ಲ.

ಕಡಲಿನಿಂದ ಬಂದ ಒಂದು ಹಿಡಿ ಜನ ಶತ್ರುವಿನ ನೆಲಕ್ಕೆ ಪೆಟ್ಟು ಕೊಡಬಲ್ಲರೇ ಎಂದು ಕೇಳಿದರೆ, ಸುಟ್ಟ ಮರದ ಲೆಕ್ಕದಲ್ಲಿ ಉತ್ತರ ‘ಇಲ್ಲ’ ಎಂದೇ. ಆದರೆ ಆ ಬೆಳಗಿನ ನಂತರ ನಡೆದದ್ದನ್ನು ನೋಡಬೇಕು. ಹಡಗುಗಳ ವಿಮೆಯ ದರ ಏರಿತು. ತೀರದ ಊರುಗಳಲ್ಲಿ ಕಾವಲು ಪಡೆಗಳು ಎದ್ದವು. ವೈಟ್‌ಹೇವನ್‌ನವರು ತಾವೇ ಹಣ ಕೂಡಿಸಿ ಫಿರಂಗಿ ಕಟ್ಟೆಗಳನ್ನು ಬಲಪಡಿಸಿದರು. ಜಗತ್ತಿನಲ್ಲೇ ಬಲವಾದ ನೌಕಾಪಡೆ ಇದ್ದ ದೇಶಕ್ಕೆ ಯುದ್ಧವೆಂದರೆ ದೂರದ ದಡದಲ್ಲಿ ನಡೆಯುವಂಥದ್ದು ಎಂಬ ನಂಬಿಕೆಯಿತ್ತು. ಹೋದದ್ದು ಆ ನಂಬಿಕೆ. ಒಂದು ಹಡಗನ್ನು ಕೆಲವು ತಿಂಗಳಲ್ಲಿ ಮತ್ತೆ ಕಟ್ಟಬಹುದು. ಬಾಗಿಲಿಗೆ ಅಗುಳಿ ಹಾಕದೆ ಮಲಗುವ ಧೈರ್ಯವನ್ನು ಯಾವ ಬಡಗಿಯೂ ಕಟ್ಟಿಕೊಡಲಾರ.

ಆದರೂ ಆ ಭಯವೂ ಉಳಿಯಲಿಲ್ಲ. ಜೋನ್ಸ್ 1792ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ. ಅವನನ್ನು ಹೂಳಿದ ಸ್ಮಶಾನದ ಮೇಲೆ ಕಟ್ಟಡಗಳೆದ್ದು ಗೋರಿಯ ಗುರುತೇ ಅಳಿಸಿಹೋಯಿತು. 1905ರಲ್ಲಿ ನೆಲ ಅಗೆದು ಸೀಸದ ಶವಪೆಟ್ಟಿಗೆ ಹುಡುಕಿ ತೆಗೆದು ಅಮೆರಿಕಕ್ಕೆ ಸಾಗಿಸಿದರು. ಇನ್ನು ವೈಟ್‌ಹೇವನ್, 1999ರಲ್ಲಿ ಅವನನ್ನು ವಿಧ್ಯುಕ್ತವಾಗಿ ಕ್ಷಮಿಸಿತು. ವೈರವೂ ಮುಪ್ಪಾಗಿ ಸಾಯುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿಲ್ಲ.

ಅದೇ ದೇಶದ ಪೂರ್ವ ತೀರದ ಲಿಂಡಿಸ್‌ಫಾರ್ನ್ ದ್ವೀಪದ ಕಥೆ ಇದಕ್ಕಿಂತ ಘೋರ. 793ರಲ್ಲಿ ಅಲ್ಲಿನ ಮಠದ ಮೇಲೆ ವೈಕಿಂಗರು ಎರಗಿದರು, ಸನ್ಯಾಸಿಗಳನ್ನು ಕೊಂದರು, ಸಂಪತ್ತು ದೋಚಿದರು. ಕ್ರೈಸ್ತ ಯುರೋಪು ನಡುಗಿತು. ಆದರೆ ಮಠ ಅಂದೇ ಮುಗಿಯಲಿಲ್ಲ. ಎಂಬತ್ತೆರಡು ವರ್ಷಗಳ ನಂತರ, 875ರಲ್ಲಿ, ಸನ್ಯಾಸಿಗಳು ತಮ್ಮ ಮಠದ ಸಂತ ಕತ್‌ಬರ್ಟ್‌ನ ಪಾರ್ಥಿವ ಶರೀರ ಹೊತ್ತು ದ್ವೀಪ ಬಿಟ್ಟರು. ಮುಂದೆ ಡರಮ್‌ನಿಂದ ಬಂದ ಸನ್ಯಾಸಿಗಳು ಅಲ್ಲಿ ಮತ್ತೆ ಮಠ ಕಟ್ಟಿದರು. ಅದನ್ನು ಕೊನೆಗೂ ಮುಚ್ಚಿಸಿದ್ದು ಕಡಲಿನಿಂದ ಬಂದ ಯಾವ ಶತ್ರುವೂ ಅಲ್ಲ, 1537ರಲ್ಲಿ, ಅವರದೇ ದೊರೆ ಎಂಟನೇ ಹೆನ್ರಿಯ ಆಳ್ವಿಕೆ. ಮಠದ ಕಲ್ಲುಗಳನ್ನು ಕಿತ್ತು ಅದೇ ದ್ವೀಪದಲ್ಲಿ ಕೋಟೆ ಕಟ್ಟಲು ಬಳಸಿದರು. ಆ ಮಠದಲ್ಲಿ ವೈಕಿಂಗರಿಗೂ ಮುಂಚೆ ಬರೆದು ಚಿತ್ರಿಸಿದ ಸುವಾರ್ತೆಯ ಹಸ್ತಪ್ರತಿ ಮಾತ್ರ ಇವೆಲ್ಲವನ್ನೂ ದಾಟಿ ಉಳಿಯಿತು. ಕರುವಿನ ಚರ್ಮದ ಹಾಳೆ ಉಳಿದು ಕಲ್ಲು ಹೋಯಿತು. ಯಾವುದು ಬಾಳುತ್ತದೆ, ಯಾವುದು ಅಳಿಯುತ್ತದೆ ಎಂಬ ನಮ್ಮ ಊಹೆ ಎಷ್ಟು ದುರ್ಬಲ!

ಜೈನರು ಮನನ ಮಾಡುವ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ, ಎರಡನೆಯದು ಅಶರಣ. ಬಂಧುವರ್ಮನ ‘ಜೀವಸಂಬೋಧನೆ’ ಈ ಹನ್ನೆರಡನ್ನೇ ಹೇಳುವ ಹಳಗನ್ನಡ ಕೃತಿ. ಈ ಕ್ರಮ ನನ್ನನ್ನು ಬಹಳ ಕಾಡಿದೆ. ಇದ್ದದ್ದು ಇರುವುದಿಲ್ಲ ಎಂದು ಮನಸ್ಸು ಹೇಗೋ ಒಪ್ಪಿಕೊಳ್ಳುತ್ತದೆ. ಕಾಯುವವರು ಯಾರೂ ಇಲ್ಲ ಎಂಬುದನ್ನು ಒಪ್ಪುವುದು ಅದಕ್ಕಿಂತ ಕಷ್ಟ. ದೋಣಿಯಲ್ಲಿ ಬರುವ ದಾಳಿಕೋರ ಒಂದೇ ರಾತ್ರಿಯಲ್ಲಿ ಇವೆರಡನ್ನೂ ಎದುರಿಗೆ ತಂದು ನಿಲ್ಲಿಸುತ್ತಾನೆ. ಅವನ ನಿಜವಾದ ಆಯುಧ ಅದೇ. ಅವನು ಬಿಟ್ಟು ಹೋದ ಭಯದಲ್ಲಿ ನಾಡು ಏನು ಮಾಡಿಕೊಳ್ಳುತ್ತದೆ ಎಂಬುದರ ಮೇಲೆ ಪೆಟ್ಟಿನ ಆಳ ನಿಂತಿರುತ್ತದೆ. ಕಾವಲು ಬಲಪಡಿಸಿದರೆ ಅದು ಎಚ್ಚರ. ಅಕ್ಕಪಕ್ಕದವರನ್ನೇ ಶತ್ರುವೆಂದು ಶಂಕಿಸತೊಡಗಿದರೆ, ದಾಳಿಕೋರ ತಾನು ಮುಗಿಸಲಾಗದ ಕೆಲಸವನ್ನು ನಮ್ಮಿಂದಲೇ ಮಾಡಿಸಿಕೊಂಡಂತೆ.

ನಮ್ಮ ಕಾಲ ಇದನ್ನು ಕಂಡಿದೆ. 2008ರ ನವೆಂಬರ್ 26ರ ರಾತ್ರಿ ಹತ್ತು ಮಂದಿ ರಬ್ಬರ್ ದೋಣಿಯಲ್ಲಿ ಮುಂಬೈಯ ಕೊಲಾಬಾದ ಮೀನುಗಾರರ ವಸತಿಯ ಬಳಿ ಇಳಿದರು. ಮೂರು ದಿನ ನಗರ ಉರಿಯಿತು, 166 ಜನ ಸತ್ತರು. ಬೆಂಗಳೂರಿನ ಮನೆಯೊಂದು ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರನ್ನು ಕಳೆದುಕೊಂಡಿತು. ನಮ್ಮ ಕರಾವಳಿಯಲ್ಲಿ ಕಾವಲು ಪೊಲೀಸರ ಗಸ್ತು ಬಿಗಿಯಾಯಿತು. ಮಲ್ಪೆ, ಕಾರವಾರಗಳಿಂದ ಕಡಲಿಗಿಳಿಯುವವರು ಗುರುತಿನ ಚೀಟಿ ಇಟ್ಟುಕೊಳ್ಳಬೇಕಾಯಿತು. ಆದರೂ ದೇಶ ಅಲುಗಲಿಲ್ಲ. ಮುಂಬೈಯ ಲೋಕಲ್ ರೈಲುಗಳು ಮತ್ತೆ ತುಂಬಿ ಓಡಿದವು.

ಇಲ್ಲಿ ನಾನು ನಿಲ್ಲಬೇಕಾಗುತ್ತದೆ. ಎಲ್ಲವೂ ಅನಿತ್ಯ, ನಾಡು ದೊಡ್ಡದು, ಗಾಯ ಮಾಯುತ್ತದೆ ಎಂಬ ಮಾತು ನಾಡಿನ ಮಟ್ಟಿಗೆ ನಿಜ. ಮಗ ಮರಳದ ಮನೆಯ ಮುಂದೆ ನಿಂತು ಅದನ್ನು ಆಡಲು ಯಾವ ತತ್ತ್ವಜ್ಞಾನಿಗೂ ಹಕ್ಕಿಲ್ಲ. ಅನಿತ್ಯದ ಚಿಂತನೆ ನಮ್ಮ ಗರ್ವವನ್ನು ಇಳಿಸಲಿ. ಇನ್ನೊಬ್ಬರ ದುಃಖವನ್ನು ಚಿಕ್ಕದು ಮಾಡುವುದಕ್ಕೆ ಅದನ್ನು ಬಳಸಬಾರದು. ಆ ಹತ್ತು ಮಂದಿ ದಾರಿಯಲ್ಲಿ ‘ಕುಬೇರ್’ ಎಂಬ ಮೀನುಗಾರಿಕೆ ದೋಣಿಯನ್ನು ವಶಪಡಿಸಿಕೊಂಡು ಅದರಲ್ಲಿದ್ದವರನ್ನು ಕೊಂದಿದ್ದರು. ನಗರದಲ್ಲಿ ಮೊದಲ ಗುಂಡು ಹಾರುವ ಮುನ್ನವೇ, ನಡುಗಡಲಲ್ಲಿ, ಯಾರಿಗೂ ಸುದ್ದಿಯಿಲ್ಲದೆ ಅವರು ಸತ್ತರು. ನವೆಂಬರ್ 26ರಂದು ಮಡಿದವರನ್ನು ನೆನೆಯುವಾಗ ದಯವಿಟ್ಟು ಆ ಮೀನುಗಾರರನ್ನೂ ನೆನೆಯಿರಿ.