ಯಾರ ಮೇಲೆ ಯಾರ ಸವಾರಿ?

ಅಕ್ಕನ ಮಗ ಮೊನ್ನೆ ಮನೆಗೆ ಬಂದವನೇ ಮೊಬೈಲನ್ನು ನನ್ನ ಮುಂದೆ ಹಿಡಿದ. ಅದರಲ್ಲಿ ಕೆಸರು ಚಿಮ್ಮಿಸುತ್ತಾ ಗುಡ್ಡ ಹತ್ತುವ ದೈತ್ಯ ವಾಹನ. "ಮಾಮು, ಬೆಟ್ಟ ಸುತ್ತುವವರಿಗೆ ಇಂಥದ್ದೇ ಬೇಕು. ಮುಂಗಡ ಸ್ವಲ್ಪ ಕಟ್ಟಿದರಾಯಿತು, ಉಳಿದದ್ದಕ್ಕೆ ಏಳು ವರ್ಷ ಕಂತು" ಎಂದ. ಹುಡುಗ ಒಳ್ಳೆಯವನು. ತಿಂಗಳಿಗೊಮ್ಮೆ ಗೆಳೆಯರೊಡನೆ ಚಾರಣಕ್ಕೆ ಹೋಗುತ್ತಾನೆ. ಕಂತಿನೊಳಗೆ ಬಡ್ಡಿ ಕೂತಿದೆ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಆ ಮಾತೆತ್ತಲಿಲ್ಲ.

ನಾನು ಕೇಳಿದ್ದಿಷ್ಟೇ: "ಕಳೆದ ವರ್ಷ ಎಷ್ಟು ದಿನ ಡಾಂಬರಿಲ್ಲದ ದಾರಿಯಲ್ಲಿ ಹೋಗಿದ್ದೆ, ಬೇಟಾ?"

ಅವನು ಎಣಿಸಿದ. ಒಂದು ಕೈಯ ಬೆರಳುಗಳೇ ಸಾಕಾದವು.

ಮುಳ್ಳಯ್ಯನಗಿರಿಗೆ ಬಹುಪಾಲು ಡಾಂಬರು ರಸ್ತೆಯೇ ಇದೆ. ಕುದುರೆಮುಖ ಚಾರಣಕ್ಕೆ ಹೋಗುವವರು ಬಾಳೆಗಲ್‌ನಲ್ಲಿ ಕಾರು ನಿಲ್ಲಿಸಿ, ಮುಳ್ಳೋಡಿಯವರೆಗೆ ಸ್ಥಳೀಯರ ಬಾಡಿಗೆ ಜೀಪು ಹತ್ತುತ್ತಾರೆ. ಆ ಕೆಲವು ಕಿಲೋಮೀಟರಿನ ಬಾಡಿಗೆಯಲ್ಲಿ ಅಲ್ಲಿನ ಒಂದು ಮನೆಯ ಒಲೆ ಉರಿಯುತ್ತದೆ. ವರ್ಷದಲ್ಲಿ ಐದು ದಿನದ ಕೆಸರಿಗಾಗಿ ಮುನ್ನೂರ ಅರವತ್ತು ದಿನ ಹೆಚ್ಚಿನ ಭಾರ, ಹೆಚ್ಚಿನ ಎಣ್ಣೆ ಹೊರುವುದೇಕೆ? ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋದರೆ ಕೆಸರಿನಿಂದ ಎದ್ದು ಬರಬಹುದು, ನಿಜ. ಆದರೆ ಮಳೆಗಾಲದ ಘಾಟಿಯಲ್ಲಿ ಬ್ರೇಕು ಒತ್ತಿದಾಗ ಕಾಪಾಡುವುದು ಟಯರಿನ ಹಿಡಿತ. ಉಳಿತಾಯ ಮಾಡುವುದಾದರೆ ಟಯರು, ಬ್ರೇಕು, ಏರ್‌ಬ್ಯಾಗುಗಳಲ್ಲಿ ಮಾಡಬಾರದು. ಜೀವ ನಮ್ಮ ಕೈಗೆ ಕೊಟ್ಟಿರುವ ಅಮಾನತ್ತು.

ನಮ್ಮ ಅಬ್ಬ ಕಾಫಿ ತೋಟಗಳ ಲೈನುಮನೆಗಳಿಗೆ ಬಟ್ಟೆ ಮಾರುತ್ತಿದ್ದರು. ಬಟ್ಟೆಗಂಟನ್ನು ಅಳೆದು ನೋಡಿ, ಹಳೆಯ ಸೈಕಲ್ಲೊಂದನ್ನು ಕೊಂಡು, ಅದಕ್ಕೆ ತಕ್ಕ ಕ್ಯಾರಿಯರ್ ಬೆಸುಗೆ ಹಾಕಿಸಿದರು. ಮೊದಲು ಹೊರೆ, ಆಮೇಲೆ ವಾಹನ. 1980ರಲ್ಲಿ ಬಂದ ಟಿವಿಎಸ್ 50 ಮತ್ತು ಅದರ ನಂತರದ ಮೊಪೆಡ್‌ಗಳ ಮೇಲೆ ಮೀನಿನ ಬುಟ್ಟಿ, ಹಾಲಿನ ಕ್ಯಾನು ಹೊತ್ತು ನಡೆದವರ ಲೆಕ್ಕವೂ ಇದೇ. ಬಿಸಿಲು ಮಳೆಯಲ್ಲೇ ಬದುಕು ಸವೆಸಿದ ಇವರ್ಯಾರೂ ಅದನ್ನು 'ಔಟ್‌ಡೋರ್ ಲೈಫ್' ಎಂದು ಕರೆಯಲಿಲ್ಲ.

ಹಾಗೆಂದು ಚೆಂದದ ವಾಹನದ ಆಸೆಯೇ ತಪ್ಪೆನ್ನಲಾರೆ. ಕುರ್‌ಆನ್‌ನ ಅನ್ನಹ್ಲ್ ಅಧ್ಯಾಯದಲ್ಲಿ ಕುದುರೆ, ಹೇಸರಗತ್ತೆ, ಕತ್ತೆಗಳ ಪ್ರಸ್ತಾಪ ಬರುವಲ್ಲಿ ಅಲಂಕಾರದ ಮಾತೂ ಇದೆ. ಆದರೆ ಸವಾರಿಯ ಮಾತು ಮೊದಲು, ಅಲಂಕಾರದ್ದು ಆಮೇಲೆ. ನಾನೇನು ಸಂತನಲ್ಲ. ಮೊದಲ ಬೈಕು ಕೊಂಡ ಶುಕ್ರವಾರ, ಜನ ನಮಾಝ್ ಮುಗಿಸಿ ಹೊರಬರುವ ಹೊತ್ತಿಗೆ ಸರಿಯಾಗಿ ಮಸೀದಿಯ ಮುಂದೆ ಎರಡು ಸುತ್ತು ಹೊಡೆದಿದ್ದೆ. ಅಂದು ಎಲ್ಲಿಗೂ ಹೋಗುವುದಿರಲಿಲ್ಲ, ನೋಡುವವರು ಬೇಕಿತ್ತು ಅಷ್ಟೇ. ಸೊಬಗು ಮನಸ್ಸಿಗೆ ಖುಷಿ ಕೊಡುವವರೆಗೆ ಸರಿ. ಪರರ ಕಣ್ಣಿನ ಹಸಿವಾದಾಗ ಅದು ಎಷ್ಟು ತಿಂದರೂ ತಣಿಯದು.

ಬೆಟ್ಟಕ್ಕೆ ಹೋಗುವುದೇ ನಾವೆಷ್ಟು ಸಣ್ಣವರೆಂದು ತಿಳಿಯಲು. ಅಲ್ಲಿಗೂ ನಮ್ಮ ದೊಡ್ಡಸ್ತಿಕೆಯನ್ನು ಚಕ್ರದ ಮೇಲೆ ಹೇರಿಕೊಂಡು ಹೋದರೆ ಕಂಡದ್ದೇನು? ದಾರಿ ಬಿಟ್ಟು ಹುಲ್ಲುಗಾವಲಿನ ಮೇಲೆ ಓಡಿದ ಚಕ್ರದ ಗುರುತು ಮಳೆಗೆ ಕೊರಕಲಾಗುತ್ತದೆ. ನೋಡಲು ಹೋದದ್ದನ್ನೇ ಕೆಡಿಸಿ ಬರುತ್ತೇವೆ.

ಉರ್ದುವಿನಲ್ಲಿ ಸವಾರಿ ಎಂದರೆ ವಾಹನವೂ ಹೌದು. ಕನ್ನಡದಲ್ಲಿ ಒಬ್ಬರ ಮೇಲೊಬ್ಬರು ಸವಾರಿ ಮಾಡುವುದೂ ಉಂಟು. ಏಳು ವರ್ಷದ ಕಂತು ಹೊತ್ತವನ ವಿಷಯದಲ್ಲಿ ಎರಡೂ ಅರ್ಥ ಒಂದೇ ಕಡೆ ಕೂಡಿಕೊಳ್ಳುತ್ತವೆ.

ಹೊರಡುವಾಗ ಹುಡುಗ ಬಾಗಿಲಲ್ಲಿ ನಿಂತ. "ಕೈಯಲ್ಲಿರುವ ದುಡ್ಡಿಗೆ ನೆಲದಿಂದ ಸ್ವಲ್ಪ ಎತ್ತರವಿರುವ ಹಳೆಯ ಸಣ್ಣ ಕಾರು ಸಿಗಬಹುದು. ಮೆಕ್ಯಾನಿಕ್‌ನನ್ನು ಕರೆದುಕೊಂಡು ನೋಡಿ ಬರೋಣವಾ, ಮಾಮು?" ಎಂದ.

"ಅಮ್ಮನಿಗೆ ಮಂಡಿನೋವು. ಹತ್ತಿ ಇಳಿಯಲು ಅವಳಿಗೆ ಸುಲಭವಾಗುತ್ತದಾ, ಅದನ್ನೂ ನೋಡಬೇಕು" ಎಂದೆ.

ದೈತ್ಯ ವಾಹನದ ಮೆಟ್ಟಿಲಿನ ಎತ್ತರ ಅವನಿಗೆ ಆಗಷ್ಟೇ ನೆನಪಾಯಿತೆಂದು ಕಾಣುತ್ತದೆ.